ದ್ರಾಕ್ಷಿ ತೋಟದ ದಾರಿಯಲ್ಲಿ ಎರಡು ಸೈಕಲ್

‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಎಂಬ ಮಾತು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಕನಕಗಿರಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಊರಿನಲ್ಲಿ ನೋಡಿದ್ದು ಮನೆ, ಶಾಲೆ, ಬಸ್ ನಿಲ್ದಾಣ ಮತ್ತು ಅಜ್ಜಿಯ ಮನೆಯನ್ನು ಮಾತ್ರ. ಇದು ನನಗೆ ಹೊಳೆದದ್ದು ಒಂದು ವೀಡಿಯೊ ನೋಡಿದ ದಿನ.

ಶಾಲೆಯ ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ಇಟಲಿಯ ದೃಶ್ಯಗಳನ್ನು ತೋರಿಸಿದರು. ಟಸ್ಕನಿಯ ಕಿಯಾಂಟಿ ಎಂಬ ದ್ರಾಕ್ಷಿ ನಾಡು. ಗುಡ್ಡದ ಮೇಲೊಂದು ಸಣ್ಣ ಊರು, ಕೆಳಗೆ ಸಾಲು ಸಾಲು ಬಳ್ಳಿಗಳು, ನಡುವೆ ಬಿಳಿ ಕಂಕರ್ ರಸ್ತೆ. ಅಲ್ಲಿ ಗಂಡಸರು, ಹೆಂಗಸರು, ಮುದುಕರು ಎಲ್ಲರೂ ಸೈಕಲ್ ತುಳಿಯುತ್ತಿದ್ದಾರೆ. ಅಲ್ಲಿನ ಗಾಯೋಲೆ ಎಂಬ ಊರಿನಲ್ಲಿ 1997ರಿಂದ ಹಳೆಯ ಕಾಲದ ಸೈಕಲ್‌ಗಳದ್ದೇ ಒಂದು ದೊಡ್ಡ ಸವಾರಿ ನಡೆಯುತ್ತದಂತೆ. ಅದೇ ವರ್ಷ ನಮ್ಮ ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ನನ್ನ ತಂದೆಯ ಅಟ್ಲಾಸ್ ಸೈಕಲ್ ಇವೆರಡಕ್ಕಿಂತಲೂ ಹಳೆಯದು, ಈಗಲೂ ನಾನು ಅದನ್ನೇ ತುಳಿಯುತ್ತೇನೆ.

“ಅಬ್ಬಾ, ನಮ್ಮಲ್ಲೂ ದ್ರಾಕ್ಷಿ ತೋಟ ಇವೆಯಲ್ಲಾ?” ಎಂದು ಮಗಳು ಕೇಳಿದಳು. ಆಮೇಲೆ ಮೆಲ್ಲಗೆ, “ನನ್ನ ಸೈಕಲ್‌ಗೆ ಬೀಗ ಹಾಕಿದ್ದೀರಿ” ಎಂದಳು.

ಬೀಗ ಹಾಕಿದ್ದು ನಾನೇ. ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತ್ತು, ಕೋವಿಡ್ ಕಾಲಕ್ಕೆ ಅದು ನಿಂತಿತು. ನನ್ನ ಅಣ್ಣನ ಮಗಳಿಗೆ ಸಿಕ್ಕಿದ್ದ ಅಂಥ ಸೈಕಲ್ ಈಗ ಒಂಬತ್ತನೇ ತರಗತಿಯ ನನ್ನ ಮಗಳ ಪಾಲಿಗೆ ಬಂದಿತ್ತು. ಮೊಹಲ್ಲಾದ ಹಿರಿಯರೊಬ್ಬರು ಒಂದು ದಿನ ಮಸೀದಿಯ ಹೊರಗೆ ನನ್ನನ್ನು ನಿಲ್ಲಿಸಿ, “ಹುಡುಗಿ ದೊಡ್ಡವಳಾದಳು. ಅದರಲ್ಲೂ ಉಸ್ತಾದರ ಮಗಳು, ನೋಡಿದವರು ಏನೆಂದಾರು?” ಎಂದರು. ಮದ್ರಸಾದಲ್ಲಿ ಓದಿದವನು, ಬಿ.ಎ. ಮಾಡಿದವನು, ನಾಲ್ಕು ಜನರಿಗೆ ಬುದ್ಧಿ ಹೇಳುವವನು. ಆದರೂ ಮರುಮಾತಾಡದೆ ಮನೆಗೆ ಬಂದು ಸೈಕಲ್‌ಗೆ ಬೀಗ ಜಡಿದೆ. ಅಂದಿನಿಂದ ಅವಳ ಸಂಜೆಯ ಟ್ಯೂಷನ್ ಕೂಡಾ ನಿಂತಿತು. ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಈದ್‌ನ ಶೀರ್ ಖುರ್ಮಾಕ್ಕೆ ತೋಟದಿಂದಲೇ ಕಿಸ್‌ಮಿಸ್ ತರಬೇಕೆಂದು ನನ್ನ ಪತ್ನಿ ಹೇಳುತ್ತಿದ್ದಳು. ಕಳೆದ ಫೆಬ್ರವರಿಯ ಒಂದು ಭಾನುವಾರ ಅದನ್ನೇ ನೆಪ ಮಾಡಿಕೊಂಡು, ಫಜ್ರ್ ನಮಾಝ್ ಮುಗಿಸಿ, ಬೀಗ ತೆಗೆದು, ಅಪ್ಪ ಮಗಳು ಹೊರಟೆವು.

ಮೊದಲು ಊರ ಹೊರಗಿನ ವೆಂಕಟಪತಿ ಬಾವಿ. ಬಾವಿ ಎನ್ನುತ್ತೇವೆ, ನಿಜಕ್ಕೂ ಅದೊಂದು ಕಲ್ಲಿನ ಅರಮನೆಯೇ. ಕಂಬಗಳ ಸಾಲು, ಮಂಟಪ, ನೀರಿಗೆ ಇಳಿಯುವ ಮೆಟ್ಟಿಲುಗಳು. ಕನಕಗಿರಿಯ ನಾಯಕ ಅರಸರಲ್ಲಿ ಒಬ್ಬನಾದ ವೆಂಕಟಪ್ಪ ನಾಯಕ ಕಟ್ಟಿಸಿದ್ದು. ಊರೊಳಗಿನ ಕನಕಾಚಲಪತಿ ದೇವಾಲಯವೂ ಈ ನಾಯಕರ ಕಾಲದ್ದೇ. ಫಾಲ್ಗುಣದ ತೇರಿಗೆ ಇಡೀ ಸೀಮೆಯ ಜನ ಬಂದು ಸೇರುತ್ತಾರೆ. ಮಗಳು ಮೆಟ್ಟಿಲ ಮೇಲೆ ಕುಳಿತು ತುಂಬಾ ಹೊತ್ತು ಏಳಲೇ ಇಲ್ಲ.

ಅಲ್ಲಿ ಅವಳಿಗೆ ನಿಕೊಲೊ ಕೋಂಟಿಯ ಕಥೆ ಹೇಳಿದೆ. ವೆನಿಸ್ ಹತ್ತಿರದ ಕಿಯೋಜ್ಜಾ ಎಂಬ ಸಣ್ಣ ಊರಿನವನು. ದಮಾಸ್ಕಸ್‌ನಲ್ಲಿ ಅರಬಿ ಕಲಿತು, ವ್ಯಾಪಾರಿಗಳ ಜೊತೆ ಸೇರಿ, 1420ರ ಸುಮಾರಿಗೆ ವಿಜಯನಗರಕ್ಕೆ ಬಂದ. ಅಂದರೆ ಇಟಲಿಯವರು ಆರು ನೂರು ವರ್ಷಗಳ ಹಿಂದೆಯೇ ನಮ್ಮ ನೆರೆಯ ಊರನ್ನು ನೋಡಲು ಬಂದಿದ್ದರು. ಹೆಂಡತಿ ಮಕ್ಕಳೂ ಅವನೊಂದಿಗೆ ದೇಶ ದೇಶ ಅಲೆದರು. ಮರಳುವ ದಾರಿಯಲ್ಲಿ, ಈಜಿಪ್ಟಿನಲ್ಲಿ, ಪ್ಲೇಗ್ ಬಂದು ಹೆಂಡತಿಯೂ ಇಬ್ಬರು ಮಕ್ಕಳೂ ತೀರಿಕೊಂಡರು.

“ಅವಳೂ ಅಷ್ಟೇ ದೂರ ಬಂದಿದ್ದಳಲ್ಲಾ ಅಬ್ಬಾ. ಅವಳ ಹೆಸರೇನು?” ಎಂದಳು. ಪುಸ್ತಕಗಳು ಕೋಂಟಿಯ ಹೆಸರನ್ನು ಮಾತ್ರ ನೆನಪಿಟ್ಟಿವೆ ಎಂದೆ. ಅವಳು ಎದ್ದು ಸೈಕಲ್ ಹತ್ತಿದಳು.

ನಮ್ಮ ದಕ್ಷಿಣಕ್ಕೆ ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿ. ಉತ್ತರಕ್ಕೆ ತಾವರಗೇರಾ, ಕುಷ್ಟಗಿಯ ಕಡೆ ತಿರುಗಿದರೆ ಒಣ ಭೂಮಿ, ಜಾಲಿ, ಬಂಡೆ. ಬಸ್ಸಿನಲ್ಲಿ ಕುಳಿತವರಿಗೆ ಈ ಕಡೆ ಏನೂ ಇಲ್ಲ ಎನಿಸುತ್ತದೆ. ಸೈಕಲ್ ಮೇಲಾದರೆ ಏರು ಬಂದದ್ದು ಮೊಣಕಾಲಿಗೆ ತಿಳಿಯುತ್ತದೆ, ಬೋರ್‌ವೆಲ್ ಇರುವ ಹೊಲ ತಂಗಾಳಿಯಲ್ಲೇ ತಿಳಿಯುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಹೋದ ಮೇಲೆ ಪರಿಚಯದ ರೈತರೊಬ್ಬರ ತೋಟ ಸಿಕ್ಕಿತು.

ದ್ರಾಕ್ಷಿಗೆ ಈ ಒಣ ಹವೆಯೇ ಬೇಕು. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿ ಚಾಟನಿ ಮಾಡುತ್ತಾರೆ. ಎರಡನೆಯದರ ಬಳಿಕ ಹೂವು, ಕಾಯಿ. ಜನವರಿಯಿಂದ ಮಾರ್ಚ್, ಏಪ್ರಿಲ್‌ವರೆಗೆ ಕೊಯ್ಲು. ಈ ನಡುವೆ ಮಳೆ ಬಿದ್ದರೆ ಹಣ್ಣು ಸೀಳುತ್ತದೆ, ರೋಗ ಬರುತ್ತದೆ. ನಾವು ಹೋದ ದಿನವೂ ಮೋಡವಿತ್ತು. ರೈತರು ಮಾತಿನ ನಡುನಡುವೆ ಮೇಲೆ ನೋಡುತ್ತಲೇ ಇದ್ದರು.

ಒಣದ್ರಾಕ್ಷಿಯ ಶೆಡ್ಡು ತೋಟದಲ್ಲೇ ಇತ್ತು. ಗೊಂಚಲುಗಳನ್ನು ಎಣ್ಣೆ ಬೆರೆಸಿದ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಅಟ್ಟಗಳ ಮೇಲೆ ಹನ್ನೆರಡರಿಂದ ಹದಿನೈದು ದಿನ ಒಣಗಿಸುತ್ತಾರೆ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಕಿಸ್‌ಮಿಸ್. ಇಟಲಿಯಲ್ಲಿ ದ್ರಾಕ್ಷಿಯ ಹೆಚ್ಚಿನ ಪಾಲು ವೈನ್ ಆಗುತ್ತದೆ. ನಮ್ಮಲ್ಲೂ 2007ರಲ್ಲಿ ಸರಕಾರ ವೈನ್ ನೀತಿ ತಂದಿತು, ಆದರೂ ನಮ್ಮ ದೇಶದಲ್ಲಿ ಬಹುಪಾಲು ಹಣ್ಣು ತಿನ್ನುವುದಕ್ಕೆ ಮತ್ತು ಒಣಗಿಸುವುದಕ್ಕೇ ಹೋಗುತ್ತದೆ. ಅದೇ ಇಟಲಿಯ ಮೊಡೆನಾ ಊರಿನಲ್ಲಿ ದ್ರಾಕ್ಷಿ ರಸ ಕುದಿಸಿ ಮಾಡಿದ ಸಿರ್ಕಾ ಲೋಕಪ್ರಸಿದ್ಧ. ಸಿರ್ಕಾ ನಮ್ಮ ಪ್ರವಾದಿಯವರು(ಸ) ಮೆಚ್ಚಿದ ವ್ಯಂಜನವೆಂದು ನಿಮಗೆ ಗೊತ್ತೇ ಇದೆ. ವೈನ್‌ನ ಹೊರತಾಗಿಯೂ ದ್ರಾಕ್ಷಿ ನಾಡು ನೋಡಲು ಯೋಗ್ಯವೇ.

ಚಪ್ಪರದ ಕೆಳಗೆ ಏಳೆಂಟು ಹೆಂಗಸರು ಸಣ್ಣ ಕತ್ತರಿ ಹಿಡಿದು ಗೊಂಚಲು ಕತ್ತರಿಸುತ್ತಿದ್ದರು. ತಲೆಯೆತ್ತಿಯೇ ಕೆಲಸ, ಸಂಜೆಗೆ ಕತ್ತು ಹಿಡಿದುಬಿಡುತ್ತದೆ. ಅವರಲ್ಲಿ ಒಬ್ಬಾಕೆ ಮಗಳ ಸೈಕಲನ್ನು ನೋಡಿ, “ಬಾಯಾರ, ನೀವ ತುಳಕೊಂಡ ಬಂದ್ರೇನ್ರಿ?” ಎಂದು ಕೇಳಿದಳು. ಹೌದೆಂದಾಗ ಪಕ್ಕದ ಹುಡುಗಿಯನ್ನು ತೋರಿಸಿದಳು. “ನನ್ನ ಮಗಳು ಎಂಟನೇತ್ತಕ್ಕ ಸಾಲಿ ಬಿಟ್ಟಳ್ರಿ ಮಾಸ್ತರ್ರ. ಹೈಸ್ಕೂಲ್ ಐದ ಕಿಲೋಮೀಟರ್. ಬಸ್ಸ ಟೈಮಿಗಿ ಬರತಿರಲಿಲ್ಲ. ಒಂದ ಸೈಕಲ್ ಇದ್ದಿದ್ರ ಓದತಿದ್ಲು.”

ಆ ಹುಡುಗಿಗೆ ಹದಿನೇಳು ಇರಬಹುದು. ನನ್ನ ಮಗಳು ಹಿಂದಿನಿಂದ ಸೀಟು ಹಿಡಿದುಕೊಂಡಳು, ಅವಳು ತೋಟದ ದಾರಿಯಲ್ಲಿ ಎರಡು ಸುತ್ತು ತುಳಿದಳು. ಮೂರನೆಯ ಸುತ್ತಿಗೆ ಸೀಟು ಬಿಟ್ಟದ್ದು ಅವಳಿಗೆ ತಿಳಿಯಲೇ ಇಲ್ಲ. ಹೆಂಗಸರೆಲ್ಲ ಕತ್ತರಿ ಬಿಟ್ಟು ನಿಂತು ನಕ್ಕರು. ನಾನು ಶೆಡ್ಡಿನ ಕಡೆಗೆ ಹೋಗಿ ಕಿಸ್‌ಮಿಸ್ ತೂಗಿಸುತ್ತಾ ನಿಂತೆ. ಮನೆಯಲ್ಲಿ ಸೈಕಲ್ ಇಟ್ಟುಕೊಂಡು ಬೀಗ ಹಾಕಿದವನಿಗೆ ಆಕೆಯ ಮುಖ ನೋಡುವುದು ಕಷ್ಟವಾಗಿತ್ತು.

ಮರಳುವಾಗ ನನ್ನ ಅಟ್ಲಾಸ್‌ನ ಹಿಂದಿನ ಗಾಲಿಗೆ ಜಾಲಿ ಮುಳ್ಳು ಚುಚ್ಚಿತು. ಪಂಪ್ ಇಲ್ಲ, ಸಲೂಷನ್ ಇಲ್ಲ. ಮುಂದಿನ ಹಳ್ಳಿ ಮೂರು ಕಿಲೋಮೀಟರ್. ಬಿಸಿಲು ಏರಿತ್ತು, ಕಿಸ್‌ಮಿಸ್ ಚೀಲ ಬೇರೆ.

“ನೀವು ಬೇವಿನ ನೆರಳಲ್ಲಿ ಕೂತಿರಿ, ನಾನು ಹೋಗಿ ತರುತ್ತೇನೆ” ಎಂದಳು.

ಬೇಡ ಎನ್ನಲು ಬಾಯಿ ತೆರೆದೆ. ಕೊನೆಗೆ ಜೇಬಿನಿಂದ ನೂರರ ನೋಟು ತೆಗೆದು ಕೊಟ್ಟೆ. ತಿರುವಿನಲ್ಲಿ ಅವಳ ದುಪ್ಪಟ್ಟಾ ಮರೆಯಾದ ಮೇಲೆ ಬಾಯಿಗೆ ಬಂದ ದುಆಗಳನ್ನೆಲ್ಲ ಓದಿದೆ. ಮುಕ್ಕಾಲು ಗಂಟೆ ಆಯಿತು. ಗಡಿಯಾರವನ್ನು ಎಷ್ಟು ಸಲ ನೋಡಿದೆನೋ.

ಮುಂದಿನ ಬುಟ್ಟಿಯಲ್ಲಿ ಪಂಪ್, ಪ್ಯಾಚ್, ಸಲೂಷನ್ ಇಟ್ಟುಕೊಂಡು ಬಂದಳು. ಅಂಗಡಿಯವನು ಪಂಪನ್ನು ನಂಬಿಕೆಯ ಮೇಲೆ ಕೊಟ್ಟಿದ್ದನಂತೆ, ದಾರಿಯಲ್ಲಿ ಹಿಂದಿರುಗಿಸಬೇಕಿತ್ತು. ಚಿಲ್ಲರೆಯನ್ನು ಎಣಿಸಿ ನನ್ನ ಕೈಗಿಟ್ಟಳು. ಟ್ಯೂಬ್ ಎಲ್ಲಿ ತೂತಾಗಿದೆ ಎಂದು ಹುಡುಕಿದ್ದೂ ಅವಳೇ, ನನಗೆ ಕನ್ನಡಕವಿಲ್ಲದೆ ಕಾಣುತ್ತಿರಲಿಲ್ಲ.

ಮನೆ ಸೇರಿದಾಗ ಝುಹರ್‌ನ ಅಝಾನ್ ಆಗುತ್ತಿತ್ತು. ಗಲ್ಲಿಯ ಬಾಯಲ್ಲಿ ಆ ಹಿರಿಯರು ವುಝೂ ಮಾಡಿಕೊಂಡು ಮಸೀದಿಗೆ ಹೊರಟಿದ್ದರು. ನಾನು ಸಲಾಮ್ ಹೇಳಿದೆ. ಅವರು ಉತ್ತರಿಸಿ, ನನ್ನನ್ನೂ, ನನ್ನ ಮುಂದೆ ಹೋಗುತ್ತಿದ್ದ ಮಗಳನ್ನೂ ನೋಡಿದರು. ಚೀಲದಿಂದ ಒಂದು ಹಿಡಿ ಕಿಸ್‌ಮಿಸ್ ತೆಗೆದು ಅವರ ಕೈಗೆ ಹಾಕಿ, “ಮಗಳು ತಂದದ್ದು” ಎಂದೆ. ಬೀಗದ ಕೈ ಅದೇ ಜೇಬಿನಲ್ಲಿತ್ತು. ಒಳಗೆ ಹೋದವನು ಅದನ್ನು ಬಾಗಿಲ ಪಕ್ಕದ ಮೊಳೆಗೆ, ಅವಳ ಕೈಗೆ ಎಟಕುವಂತೆ, ನೇತುಹಾಕಿದೆ.