ಕಾಪಿಟ್ಟದ್ದನ್ನು ಹಿಂಪಡೆಯುವ ಹೊತ್ತು

ಹಸ್ತಪ್ರತಿ ಅಧ್ಯಯನದಲ್ಲಿ ತೊಡಗಿದವರಿಗೆ ಸಂರಕ್ಷಣೆ ಎಂಬ ಮಾತು ಹೊಸದೇನಲ್ಲ. ಓಲೆಗೆ ಎಣ್ಣೆ ಸವರುವುದು, ಹಲಗೆಗಳ ನಡುವೆ ಇರಿಸಿ ದಾರ ಬಿಗಿಯುವುದು, ಅರಿವೆಯಲ್ಲಿ ಸುತ್ತಿಡುವುದು ಎಲ್ಲರಿಗೂ ಪರಿಚಿತವಾದ ಕ್ರಮಗಳು. ಈಚಿನ ದಶಕಗಳಲ್ಲಿ ಇವುಗಳ ಜೊತೆಗೆ ಡಿಜಿಟಲ್ ಛಾಯಾಚಿತ್ರವೂ ಸೇರಿದೆ. ಆದರೆ ಹೀಗೆ ಕಾಪಿಟ್ಟದ್ದು ಬೇಕಾದ ಹೊತ್ತಿಗೆ ಎಷ್ಟು ಬೇಗ ಕೈಸೇರೀತು ಎಂಬ ಪ್ರಶ್ನೆ ನಮ್ಮ ವಿದ್ವತ್ ವಲಯದಲ್ಲಿ ಹೆಚ್ಚಾಗಿ ಚರ್ಚೆಗೆ ಬಂದಂತಿಲ್ಲ. ಕನ್ನಡ ವಿಭಾಗವೊಂದರ ಸಂಶೋಧಕಿಯೊಬ್ಬಳು 2022ರಲ್ಲಿ ಕಳೆದ ಎರಡು ದಿನಗಳು ಈ ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸುತ್ತವೆ.

ಆಕೆಯ ವಿಷಯ ಜೈಮಿನಿ ಭಾರತದ ಓಲೆಪ್ರತಿಗಳ ಪಾಠಾಂತರ. ನಾಲ್ಕು ವರ್ಷ ಊರೂರು ತಿರುಗಿ, ಮನೆಮನೆಯ ಅಟ್ಟಗಳಿಂದ ಇಳಿಸಿದ ಕಟ್ಟುಗಳನ್ನು ಬಿಚ್ಚಿ ಆಕೆ ತೆಗೆದ ಚಿತ್ರಗಳು ಸುಮಾರು 11,000. ಒಂದೊಂದು ಚಿತ್ರ 30 ಮೆಗಾಬೈಟಿನಷ್ಟು. ಒಟ್ಟು 330 ಗಿಗಾಬೈಟು. ಅವುಗಳಲ್ಲಿ ಮಲಪ್ರಭೆಯ ದಡದ ಒಂದು ಮನೆಯ ಕಟ್ಟಿಗೆ ವಿಶೇಷ ಮಹತ್ವವಿತ್ತು. 2018ರಲ್ಲಿ ಅದರ ಚಿತ್ರ ತೆಗೆದಾಗ ಓಲೆಗಳು ಗಟ್ಟಿಯಾಗಿದ್ದವು. 2019ರ ಆಗಸ್ಟ್‌ನ ನೆರೆಯಲ್ಲಿ ಮನೆಯೊಳಗೆ ನೀರು ನುಗ್ಗಿ ಕಟ್ಟು ಕೆಸರಾಯಿತು. ವಿಚಾರಿಸಲು ಹೋದ ಆಕೆಗೆ ಮನೆಯ ಹಿರಿಯರು ಹೇಳಿದ್ದು ಇಷ್ಟೇ: “ಓಲಿ ಹೋದವು ತಂಗಿ. ನೀ ತಗದ ಫೋಟೋದಾಗ ಅದಾವಲ್ಲ, ಅಷ್ಟ ಸಾಕು.”

ಆ ಮಾತಿನ ಭಾರ ಆಕೆಗೆ ತಿಳಿದಿತ್ತು. ಚಿತ್ರಗಳೆಲ್ಲವನ್ನೂ ಒಂದು ಹಾರ್ಡ್‌ಡಿಸ್ಕಿನಲ್ಲಿ ಇರಿಸಿ, ಮತ್ತೊಂದು ಪ್ರತಿಯನ್ನು ಅಮೆಜಾನಿನ ಗ್ಲೇಸಿಯರ್ ಎಂಬ ಕ್ಲೌಡ್ ಸಂಗ್ರಹಕ್ಕೆ ಕಳುಹಿಸಿದಳು. ಹಿಮನದಿ ಎಂಬ ಅರ್ಥದ ಆ ಹೆಸರು ಅನ್ವರ್ಥಕವೇ ಸರಿ. ಪದೇ ಪದೇ ತೆರೆಯಬೇಕಿಲ್ಲದ ದತ್ತಾಂಶವನ್ನು ಅಗ್ಗವಾಗಿ ಇರಿಸಿಕೊಂಡು, ಕೇಳಿದಾಗ ನಿಧಾನವಾಗಿ ಮರಳಿಸುವುದು ಅದರ ರೀತಿ. 2012ರ ಆಗಸ್ಟ್‌ನಲ್ಲಿ ಆರಂಭವಾದಾಗ ಗಿಗಾಬೈಟಿಗೆ ತಿಂಗಳಿಗೆ 1 ಸೆಂಟ್ ದರವಿತ್ತು. ಕೇಳಿದ್ದು ದೊರೆಯಲು 3ರಿಂದ 5 ಗಂಟೆ ಕಾಯಬೇಕಿತ್ತು. 2016ರ ನವೆಂಬರಿನಲ್ಲಿ ಹಿಂಪಡೆಯುವಿಕೆ ಮೂರು ದರ್ಜೆಗಳಾಯಿತು. ಅವಸರದ ದರ್ಜೆಯಲ್ಲಿ 1ರಿಂದ 5 ನಿಮಿಷ, ಸಾಮಾನ್ಯ ದರ್ಜೆಯಲ್ಲಿ ಹಿಂದಿನಂತೆ 3ರಿಂದ 5 ಗಂಟೆ, ಸಗಟು ದರ್ಜೆಯಲ್ಲಿ 5ರಿಂದ 12 ಗಂಟೆ. ಬೇಗ ಬೇಕೆಂದವರು ಹೆಚ್ಚು ತೆರಬೇಕು. ಅವಸರದ ದರ್ಜೆಯ ನಿಮಿಷಗಳ ಲೆಕ್ಕವೂ 250 ಮೆಗಾಬೈಟಿಗಿಂತ ಚಿಕ್ಕ ಕಡತಗಳಿಗೆ ಮಾತ್ರ ಸಾಮಾನ್ಯವಾಗಿ ಒಪ್ಪುತ್ತದೆ.

ಪ್ರಬಂಧ ಸಲ್ಲಿಕೆಗೆ ಮುನ್ನ ನಡೆಯುವ ವಿಚಾರಗೋಷ್ಠಿ ಆ ಶುಕ್ರವಾರಕ್ಕೆ ಗೊತ್ತಾಗಿತ್ತು. ಮೂರು ಪದ್ಯಗಳಲ್ಲಿ ಮಲಪ್ರಭೆಯ ಪ್ರತಿ ಉಳಿದೆಲ್ಲ ಪ್ರತಿಗಳಿಂದ ಬೇರೆಯಾಗಿದೆ ಎಂಬುದು ಆಕೆಯ ನಾಲ್ಕನೆಯ ಅಧ್ಯಾಯದ ತಿರುಳು. ಬುಧವಾರ ಬೆಳಗ್ಗೆ ಮಾರ್ಗದರ್ಶಕರು ಆ ಮೂರು ಓಲೆಗಳ ಚಿತ್ರಗಳನ್ನು ಗೋಷ್ಠಿಯಲ್ಲಿ ತೋರಿಸಬೇಕೆಂದು ಸೂಚಿಸಿದರು. ಸೂಚನೆ ನ್ಯಾಯವಾದುದೇ. ಮಧ್ಯಾಹ್ನ ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿದರೆ ಟಕಟಕ ಸದ್ದು ಮಾಡಿದ್ದು ಬಿಟ್ಟರೆ ಅದು ತೆರೆದುಕೊಳ್ಳಲಿಲ್ಲ.

ಗ್ಲೇಸಿಯರಿನಲ್ಲಿ ಪ್ರತಿಯಿದೆ ಎಂಬ ಧೈರ್ಯದಿಂದ ಆಕೆ ಸಂಜೆ ಐದಕ್ಕೆ ಇಡೀ ಸಂಗ್ರಹವನ್ನೇ ಸಗಟು ದರ್ಜೆಯಲ್ಲಿ ಕೇಳಿದಳು. 2021ರ ಕೊನೆಯಿಂದ ಆ ದರ್ಜೆಗೆ ಹಿಂಪಡೆಯುವ ಶುಲ್ಕವಿಲ್ಲ. ಆಮೇಲೆ ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ಹಿಮ ಕರಗಿದ ಮಾತ್ರಕ್ಕೆ ನೀರು ಮನೆಗೆ ಬಂದಂತಾಗುವುದಿಲ್ಲ. ಅದನ್ನು ಹೊತ್ತು ತರಬೇಕು. ಆಕೆಯ ಮನೆಯ ಅಂತರ್ಜಾಲ ಸಂಪರ್ಕದ ವೇಗ ಸೆಕೆಂಡಿಗೆ 20 ಮೆಗಾಬಿಟ್. ಅದರಲ್ಲಿ 330 ಗಿಗಾಬೈಟು ಇಳಿಯಲು, ಕರೆಂಟು ಒಮ್ಮೆಯೂ ಹೋಗದಿದ್ದರೆ, ಸುಮಾರು 37 ಗಂಟೆ ಬೇಕು. ಸಾಲದ್ದಕ್ಕೆ, ಹೀಗೆ ಹಿಂಪಡೆದ ಪ್ರತಿ ತಾತ್ಕಾಲಿಕವಾದದ್ದು. ಕೇಳುವಾಗ ನಮೂದಿಸಿದಷ್ಟು ದಿನ ಮಾತ್ರ ಲಭ್ಯವಿರುತ್ತದೆ. ಆಕೆ ನಮೂದಿಸಿದ್ದು ಒಂದು ದಿನ. ಪ್ರತಿ ಸಿದ್ಧವಾದ ಮೇಲಷ್ಟೇ ಮತ್ತೊಮ್ಮೆ ಕೋರಿಕೆ ಸಲ್ಲಿಸಿ ಅದನ್ನು ಏಳು ದಿನಕ್ಕೆ ವಿಸ್ತರಿಸಬಹುದಿತ್ತು.

ಬೇಕಾದ ಕಟ್ಟನ್ನಷ್ಟೇ ತರಿಸಬಹುದಿತ್ತಲ್ಲ ಎಂದು ಯಾರಿಗಾದರೂ ತೋಚೀತು. ತೊಡಕಿದ್ದುದು ಅಲ್ಲಿಯೇ. ಪ್ರತಿಯೊಂದು ಮನೆಯ ಚಿತ್ರಗಳನ್ನು ಒಂದೊಂದು ಜಿಪ್ ಕಡತವಾಗಿ ಗಂಟುಕಟ್ಟಿ, ಸಾಲಾಗಿ ಅಂಕಿ ಹಾಕಿ, ಒಂದೇ ವಾರದಲ್ಲಿ ಆಕೆ ಕಳುಹಿಸಿಬಿಟ್ಟಿದ್ದಳು. ಯಾವ ಅಂಕಿ ಯಾವ ಮನೆಯದೆಂಬ ಪಟ್ಟಿ ಹಾಳಾದ ಹಾರ್ಡ್‌ಡಿಸ್ಕಿನಲ್ಲೇ ಉಳಿದಿತ್ತು. ಕಪಾಟಿನ ಬೀಗದ ಕೈಯನ್ನು ಕಪಾಟಿನೊಳಗೇ ಇಟ್ಟು ಬೀಗ ಜಡಿದಂತಾಗಿತ್ತು.

ಇಲ್ಲಿ ಮೂಡುಬಿದಿರೆಯ ಪ್ರಸಂಗ ನೆನಪಾಗದೆ ಇರದು. ಅಲ್ಲಿನ ಸಿದ್ಧಾಂತ ಬಸದಿಯಲ್ಲಿದ್ದ ಧವಲ, ಜಯಧವಲ, ಮಹಾಧವಲಗಳ ಓಲೆಪ್ರತಿಗಳು ದೀರ್ಘಕಾಲ ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಅಧ್ಯಯನಕ್ಕಲ್ಲ. ಪ್ರತಿ ಮಾಡುವ ಕಾರ್ಯವೇ ದಶಕಗಳನ್ನು ತೆಗೆದುಕೊಂಡಿತು. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಕಾಪಾಡಿದವರ ಶ್ರದ್ಧೆಯನ್ನು ಯಾರೂ ಪ್ರಶ್ನಿಸಲಾರರು. ಓದುಗನ ಕೈಗೆ ಬರುವ ದಾರಿ ಮಾತ್ರ ಬೇರೆಯೇ ಒಂದು ದುಡಿಮೆಯಾಗಿತ್ತು.

ಆಕೆಯ ನೆರವಿಗೆ ಬಂದದ್ದು ಕಾಗದ. ಕ್ಷೇತ್ರಕಾರ್ಯದ ದಿನಚರಿಯಲ್ಲಿ ಆ ಮನೆಯ ಹೆಸರಿನ ಮುಂದೆ 286 ಚಿತ್ರಗಳೆಂದು ಬರೆದಿತ್ತು. ಅಂದರೆ ಸುಮಾರು 8.6 ಗಿಗಾಬೈಟು. ಗ್ಲೇಸಿಯರಿನ ಕಡತಗಳನ್ನು ತೆರೆಯಲು ಕಾಯಬೇಕಾದರೂ ಅವುಗಳ ಹೆಸರು, ಗಾತ್ರಗಳ ಯಾದಿ ಯಾವಾಗಲೂ ಕಾಣುತ್ತದೆ. ಅಷ್ಟು ಗಾತ್ರದವು ಎರಡೇ ಇದ್ದವು. ಚಾಲ್ತಿಯಲ್ಲಿರುವ ಕೋರಿಕೆಯನ್ನು ಹೆಚ್ಚು ವೇಗದ ದರ್ಜೆಗೆ ಏರಿಸುವ ಅನುಕೂಲ 2018ರಿಂದ ಇದೆ. ರಾತ್ರಿ ಒಂಬತ್ತಕ್ಕೆ ಆ ಎರಡನ್ನು ಸಾಮಾನ್ಯ ದರ್ಜೆಗೆ ಏರಿಸಿದಳು. ತಗಲಿದ ಶುಲ್ಕ ಹದಿನೈದು ರೂಪಾಯಿಯ ಆಸುಪಾಸು. ಒಂದೂವರೆಯ ಹೊತ್ತಿಗೆ ಕಡತಗಳು ಸಿದ್ಧವಾದವು. ಒಂದೊಂದು ಇಳಿಯಲು ಗಂಟೆಗೆ ತುಸು ಕಡಿಮೆ. ಮೊದಲು ಇಳಿದದ್ದು ಬೇರಾವುದೋ ಮನೆಯ ವೈದ್ಯಗ್ರಂಥ. ಎರಡನೆಯದು ಮಲಪ್ರಭೆಯದು.

ದರ್ಜೆ ಏರಿಸಿದ್ದರಿಂದ ಉಳಿದದ್ದು ಹೆಚ್ಚೆಂದರೆ ಕೆಲವು ಗಂಟೆ. ಯಾವ ಕಡತವೆಂದು ತಿಳಿದದ್ದರಿಂದ ಉಳಿದದ್ದು ಒಂದೂವರೆ ದಿನ. ಓಲೆಗೊಂದು ಕಡತವಾಗಿ, ಮನೆ ಮತ್ತು ಓಲೆಯ ಸಂಖ್ಯೆಯನ್ನೇ ಹೆಸರಾಗಿಟ್ಟು ಕಳುಹಿಸಿದ್ದರೆ ಅವಸರದ ದರ್ಜೆಯ ನಿಮಿಷಗಳೇ ಸಾಕಾಗುತ್ತಿದ್ದವು. 30 ಮೆಗಾಬೈಟಿನ ಚಿತ್ರ ಆಕೆಯ ಸಂಪರ್ಕದಲ್ಲಿ ಇಳಿಯಲು ಬೇಕಾದದ್ದು 12 ಸೆಕೆಂಡು. ಇಷ್ಟು ಚಿಕ್ಕ ಸಂಗ್ರಹಕ್ಕೆ ಹಿಮದ ಆಳವೂ ಬೇಕಿರಲಿಲ್ಲ ಎನ್ನಬೇಕು. 2021ರ ನವೆಂಬರಿನಲ್ಲಿ ಬಂದ, ಕ್ಷಣಾರ್ಧದಲ್ಲಿ ತೆರೆಯುವ ಗ್ಲೇಸಿಯರ್ ದರ್ಜೆಯಲ್ಲಿ 330 ಗಿಗಾಬೈಟಿಗೆ ತಿಂಗಳಿಗೆ ಸುಮಾರು 1.3 ಡಾಲರ್. 2019ರಿಂದಿರುವ ಅತಿ ಅಗ್ಗದ, 12ರಿಂದ 48 ಗಂಟೆ ಕಾಯಿಸುವ ಆಳದ ದರ್ಜೆಯಲ್ಲಿ ಅದರ ಕಾಲುಭಾಗ. ಲಕ್ಷಾಂತರ ಓಲೆಗಳ ಸಂಸ್ಥೆಗೆ ಈ ಅಂತರ ದೊಡ್ಡದು. ಒಬ್ಬ ಸಂಶೋಧಕಿಗೆ ತಿಂಗಳಿಗೆ ಎಂಬತ್ತು ರೂಪಾಯಿಯ ಉಳಿತಾಯ!

ಗುರುವಾರ ಬೆಳಗ್ಗೆ ಮೂರು ಓಲೆಗಳನ್ನು ಪರದೆಯ ಮೇಲೆ ಹಿಗ್ಗಿಸಿ ಓದಿದಾಗ ಎರಡು ಪಾಠಗಳು ಆಕೆ ಬರೆದುಕೊಂಡಂತೆಯೇ ಇದ್ದವು. ಮೂರನೆಯದರಲ್ಲಿ ನಾಲ್ಕು ವರ್ಷದ ಹಿಂದೆ ‘ಪ’ ಎಂದು ಓದಿದ್ದ ಅಕ್ಷರದ ಒಡಲಲ್ಲಿ ಕಂಠದ ಮೊನೆಯ ಸಣ್ಣ ಗೀರು ಕಂಡಿತು, ಅದು ‘ಷ’. ಉಳಿದ ಪ್ರತಿಗಳಲ್ಲಿಯೂ ಅದೇ ಪಾಠ. ಆಕೆ ಅಧ್ಯಾಯದ ಆ ಎರಡು ಪುಟಗಳನ್ನು ತೆಗೆದುಹಾಕಿ ಮಾರ್ಗದರ್ಶಕರಿಗೆ ಫೋನು ಮಾಡಿದಳು.