ಎಡಗಡೆ ಚಕ್ರದ ಬೋಲ್ಟು

ಹೋದ ವಾರ ನಮ್ಮ ಬ್ಯಾಚಿನ ಗೆಳೆಯನೊಬ್ಬ ಹಾವೇರಿಯಿಂದ ಫೋನ್ ಮಾಡಿದ್ದ. ಅವನ ಮಾವನ ಮನೆ ಹಿತ್ತಲಲ್ಲಿ ಹಳೇ ಷೆವರ್ಲೆ ಕಾರೊಂದು ಬಿದ್ದಿದೆಯಂತೆ. 'ನೀನು ಒಂದನ್ನ ರಿಪೇರಿ ಮಾಡ್ಸಿದೀಯಲ್ಲ ಮಾರಾಯ, ಎಲ್ಲಿಂದ ಶುರು ಮಾಡ್ಬೇಕು ಹೇಳು' ಅಂದ. ಫೋನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಬರೆದು ಹಾಕ್ತೀನಿ ಅಂದೆ. ಬರೆಯಲು ಕೂತರೆ ಕಾರಿಗಿಂತ ಬೇರೆಯದೇ ಜಾಸ್ತಿ ನೆನಪಾಗುತ್ತಿದೆ. ಸಹಿಸಿಕೊಳ್ಳಿ.

ನಮ್ಮದು 1950ರ ಪ್ಲಿಮತ್. ಆ ಕಾಲದಲ್ಲಿ ಪ್ಲಿಮತ್, ಡಾಡ್ಜ್, ಡಿಸೋಟೊ ಈ ಮೂರೂ ಅಮೆರಿಕದ ಕ್ರೈಸ್ಲರ್ ಕಂಪನಿಯವು. ಬಿಡಿಭಾಗಗಳು ಹಡಗಿನಲ್ಲಿ ಬಂದು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಾರ್ಖಾನೆಯಲ್ಲಿ ಜೋಡಣೆಯಾಗುತ್ತಿದ್ದವು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಗೌಡರು ಇದನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ಅಪ್ಪ 1974ರಲ್ಲಿ ಅವರ ಹತ್ತಿರ ಡ್ರೈವರ್ ಆಗಿ ಸೇರಿದ್ದು. ಇಪ್ಪತ್ತು ವರ್ಷ ಇದನ್ನೇ ಓಡಿಸಿದರು. 1994ರಲ್ಲಿ ಕಾರು ನಿಂತಿತು, ಗೌಡರು ಜೀಪು ತಗೊಂಡರು. 2001ರಲ್ಲಿ ಕಾಫಿ ಬೆಲೆ ನೆಲಕಚ್ಚಿತಲ್ಲ, ಆಗ ಅಪ್ಪನಿಗೆ ಎಂಟು ತಿಂಗಳ ಸಂಬಳ ಬಾಕಿ. ಗೌಡರು ಒಂದು ದಿನ ಶೆಡ್ಡಿನ ಮುಂದೆ ನಿಂತು, 'ದುಡ್ಡಿಲ್ಲ ಕಣೋ, ಈ ಕಾರು ನೀನೇ ಇಟ್ಕೋ' ಅಂದರಂತೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದು ನಮ್ಮ ಕೊಟ್ಟಿಗೆ ಪಕ್ಕ ನಿಲ್ಲಿಸಿದ್ದು ನನಗೆ ನೆನಪಿದೆ. ಅಮ್ಮ ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಎಂಟು ತಿಂಗಳ ಸಂಬಳಕ್ಕೆ ಕೋಳಿ ಮೊಟ್ಟೆ ಇಡೋ ಜಾಗ ತಂದ್ರು ಅಂತ ಊರಿಗೆಲ್ಲ ಹೇಳಿದಳು. ಕೋಳಿಗಳು ನಿಜವಾಗಿಯೂ ಹಿಂದಿನ ಸೀಟಲ್ಲಿ ಮೊಟ್ಟೆ ಇಡುತ್ತಿದ್ದವು.

2021ರ ಕೊನೆಗೆ ಅಪ್ಪನಿಗೆ ಸ್ಟೆಂಟ್ ಹಾಕಿಸಿದೆವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ: 'ಅದನ್ನ ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಬೇಕಿತ್ತಲ್ಲೋ.'

ಹೀಗೆ ನಾನು ಮೆಕ್ಯಾನಿಕ್ ಆದೆ. ಸುದ್ದಿಗಿಷ್ಟು ಅಂತ ಲೆಕ್ಕ ಹಾಕಿ ಕೊಡುವ ಪತ್ರಿಕೆಯಲ್ಲಿ ಸ್ಟ್ರಿಂಗರ್ ಆಗಿರುವವನಿಗೆ ದುಡ್ಡು ಇರುವುದಿಲ್ಲ, ಹೊತ್ತು ಇರುತ್ತದೆ.

ಮೊದಲ ದಿನವೇ ತಪ್ಪು ಮಾಡಿದೆ. ಚಕ್ರ ಬಿಚ್ಚೋಣ ಅಂತ ಎಡಗಡೆ ಮುಂದಿನ ಚಕ್ರಕ್ಕೆ ಸ್ಪ್ಯಾನರ್ ಹಾಕಿದೆ. ಬೋಲ್ಟು ಅಲ್ಲಾಡಲಿಲ್ಲ. ತುಕ್ಕು ಅಂದುಕೊಂಡು ಸ್ಪ್ಯಾನರಿಗೆ ನಾಲ್ಕಡಿ ನೀರಿನ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತೆ. ಟಣ್ ಅಂತ ಮುರಿಯಿತು. ಒಳಗೆ ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಹಿಡಿದುಕೊಂಡೇ ಹೊರಗೆ ಬಂದರು. 'ಎಡಗಡೆ ಚಕ್ರ ಅಲ್ವೇನೋ ಅದು? ಉಲ್ಟಾ ತಿರುಗಿಸ್ಬೇಕು' ಅಂದರು. ಉಳಿದ ಬೋಲ್ಟಿನ ತಲೆ ಉಜ್ಜಿ ನೋಡಿದರೆ ತುಕ್ಕಿನ ಕೆಳಗೆ 'ಎಲ್' ಅಕ್ಷರ. ಚಕ್ರ ತಿರುಗುವ ದಿಕ್ಕಿಗೆ ಬೋಲ್ಟು ತಾನೇ ಸಡಿಲವಾಗಬಾರದು ಅಂತ ಕ್ರೈಸ್ಲರಿನವರು ಎಡಗಡೆಗೆ ಎಡ ಥ್ರೆಡ್ ಹಾಕುತ್ತಿದ್ದರು. 1970ರ ಆಸುಪಾಸಿನವರೆಗೂ ಹಾಗೇ ಮಾಡಿದರು. ನಮ್ಮ ಊರಿನ ಲೇತಿನವನು ಅಂಥ ಬೋಲ್ಟು ಕಡೆದು ಕೊಡಲು ಒಂದು ವಾರ ತಗೊಂಡ. ಮುರಿದ ತುಂಡನ್ನು ಡ್ರಮ್ಮಿನಿಂದ ತೆಗೆಯಲು ಇನ್ನೊಂದು ವಾರ.

ಹಿಂದಿನ ಡ್ರಮ್ಮಿನದು ಇನ್ನೊಂದು ಕತೆ. ಅದು ಆಕ್ಸಲಿನ ಮೊನಚು ತುದಿಗೆ ಕಚ್ಚಿಕೊಂಡು ಕೂತಿರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ಡ್ರಮ್ಮು ಸೀಳಬಹುದು, ಆಕ್ಸಲು ಹಾಳಾಗಬಹುದು, ಆದರೂ ಕದಲುವುದಿಲ್ಲ. ಅದಕ್ಕೆ ದಪ್ಪನೆಯ ಪುಲ್ಲರ್ ಬೇಕು. ಮಧ್ಯದ ನಟ್ಟು ಪೂರ್ತಿ ತೆಗೆಯಬೇಡಿ, ನಾಲ್ಕು ಸುತ್ತು ಸಡಿಲ ಮಾಡಿ ಬಿಡಿ. ಡ್ರಮ್ಮು ಬಿಟ್ಟುಕೊಳ್ಳುವಾಗ ಪಟಾಕಿ ಹೊಡೆದ ಹಾಗೆ ಹಾರುತ್ತದೆ, ನಟ್ಟು ಇದ್ದರೆ ಅಲ್ಲೇ ತಡೆಯುತ್ತದೆ. ನಾವು ಪುಲ್ಲರ್ ಬಿಗಿ ಮಾಡಿ ರಾತ್ರಿ ಹಾಗೇ ಬಿಟ್ಟು ಮಲಗಿದ್ದೆವು. ಬೆಳಗಿನ ಜಾವ ಸದ್ದು ಕೇಳಿ ಅಮ್ಮ ಎದ್ದು ಕೂತಳು.

ಎಂಜಿನ್ ಸ್ಟಾರ್ಟ್ ಮಾಡುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ನನಗೂ ಬಂತು. ಅಪ್ಪ ಬಿಡಲಿಲ್ಲ. 'ಮೊದ್ಲು ನಿಲ್ಸೋದು ಕಲಿ, ಆಮೇಲೆ ಓಡ್ಸೋದು.' ಅವರ ಈ ಮಾತಿಗೆ ಹಿನ್ನೆಲೆ ಇದೆ. 1987ರಲ್ಲಿ ಗೌಡರ ಮನೆಯವರನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುವಾಗ ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ಪೆಡಲ್ ಪೂರ್ತಿ ನೆಲಕ್ಕೆ ಹೋಯಿತಂತೆ. ಈ ಕಾರಿನಲ್ಲಿ ಮಾಸ್ಟರ್ ಸಿಲಿಂಡರ್ ಒಂದೇ. ಡ್ರೈವರ್ ಕಾಲಡಿಯಲ್ಲಿ, ನೆಲದ ಹಲಗೆಯ ಕೆಳಗೆ ಇರುತ್ತದೆ. ನಾಲ್ಕು ಚಕ್ರಕ್ಕೂ ಒಂದೇ ಲೈನು. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ. ಹ್ಯಾಂಡ್‌ಬ್ರೇಕು ಮಾತ್ರ ಬೇರೆ, ಗೇರ್‌ಬಾಕ್ಸಿನ ಹಿಂದೆ ಶಾಫ್ಟನ್ನು ಹಿಡಿಯುತ್ತದೆ. ಅಪ್ಪ ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಡಗಡೆ ಧರೆಗೆ ಕಾರನ್ನು ಉಜ್ಜಿ ನಿಲ್ಲಿಸಿದರು. ಒಳಗೆ ಐದು ಜನ ಇದ್ದರು, ಅದರಲ್ಲಿ ಇಬ್ಬರು ಮಕ್ಕಳು. ಆ ಮಕ್ಕಳಲ್ಲಿ ಒಬ್ಬರ ವಿಷಯ ಮುಂದೆ ಬರುತ್ತದೆ.

ಹಾಗಾಗಿ ಆರು ತಿಂಗಳು ಬರೀ ಬ್ರೇಕು. ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ಸಿಲಿಂಡರ್, ಹಿಂದೆ ಒಂದೊಂದು, ಒಟ್ಟು ಆರು. ಎಲ್ಲದರ ಒಳಗೂ ತುಕ್ಕು ಹಿಡಿದು ಗುಳಿ ಬಿದ್ದಿತ್ತು. ಬರೀ ರಬ್ಬರ್ ಬದಲಾಯಿಸಿ ಸಾಕು ಅನ್ನುವ ಮೆಕ್ಯಾನಿಕ್‌ಗಳು ಸಿಗುತ್ತಾರೆ, ಕೇಳಬೇಡಿ. ಒಳಗೆ ಕೊರೆದು ಹಿತ್ತಾಳೆ ತೋಳು ಕೂರಿಸಿದೆವು. ಹಳೆಯದರ ಅಳತೆ ತಗೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಅದೇ ವ್ಯಾಸದ ರಬ್ಬರ್ ಬಟ್ಟಲು ಹುಡುಕಿದೆ. ಅಲ್ಲಿ 'ಪ್ಲಿಮತ್ ಪಾರ್ಟ್ ಇದೆಯಾ' ಅಂತ ಕೇಳಿದರೆ ನಗುತ್ತಾರೆ. ಇಷ್ಟು ಇಂಚಿನ ಬಟ್ಟಲು ಇದೆಯಾ ಅಂತ ಕೇಳಿದರೆ ತೆಗೆದುಕೊಡುತ್ತಾರೆ. ಬ್ರೇಕ್ ಪೈಪುಗಳನ್ನು ಪೂರ್ತಿ ಹೊಸದು ಹಾಕಿದೆವು.

ಆಮೇಲೆ ಎಂಜಿನ್. ಆರು ಸಿಲಿಂಡರ್ ಸಾಲಾಗಿ, ಸುಮಾರು 3.6 ಲೀಟರ್, 97 ಕುದುರೆ ಶಕ್ತಿ. ವಾಲ್ವುಗಳು ಮೇಲೆ ಹೆಡ್ಡಿನಲ್ಲಿ ಇರುವುದಿಲ್ಲ, ಬ್ಲಾಕಿನ ಪಕ್ಕದಲ್ಲೇ ಇರುತ್ತವೆ; ಹೆಡ್ಡು ಅಂದರೆ ಮುಚ್ಚಳ ಅಷ್ಟೆ. ತುಂಬ ಸರಳ ಎಂಜಿನ್. ಇಪ್ಪತ್ತೇಳು ವರ್ಷ ನಿಂತ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆದರೆ ಪಿಸ್ಟನ್ ರಿಂಗು ಮುರಿಯಬಹುದು. ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ತೆಳು ಎಣ್ಣೆ ಬಿಟ್ಟು, ಹದಿನೈದು ದಿನ ಕಾದೆವು. ದಿನಾ ಬೆಳಿಗ್ಗೆ ಅಪ್ಪ ಕ್ರ್ಯಾಂಕಿನ ಮುಂದಿನ ಪುಲ್ಲಿಯನ್ನು ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು, ಹಸು ಗಬ್ಬ ಆಗಿದೆಯಾ ಅಂತ ನೋಡುವವರ ಹಾಗೆ. ಹದಿನಾರನೇ ದಿನ ಒಂದು ಬೆರಳಿನಷ್ಟು ತಿರುಗಿತು.

ಇಲ್ಲೊಂದು ವಿಷಯ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ಗೊತ್ತಿಲ್ಲದೆ ಎಷ್ಟೋ ಎಂಜಿನ್ ಸುಟ್ಟಿವೆ. ಈ ಕಾರು ಘಾಟಿ ಹತ್ತುವಾಗ ಯಾವಾಗಲೂ ಕುದಿಯುತ್ತಿತ್ತಂತೆ. ರೇಡಿಯೇಟರ್ ಎರಡು ಸಲ ಬದಲಾಯಿಸಿದ್ದರು. ಪ್ರಯೋಜನ ಆಗಿರಲಿಲ್ಲ. ಅಪ್ಪ ದಾರಿಯ ಪ್ರತಿ ಹಳ್ಳದ ಹತ್ತಿರ ನಿಲ್ಲಿಸಿ ನೀರು ಹೊಯ್ಯುತ್ತಿದ್ದರು. ದೋಷ ರೇಡಿಯೇಟರಿನದಲ್ಲ. ವಾಟರ್ ಪಂಪಿನ ಹಿಂದೆ, ಬ್ಲಾಕಿನ ಒಳಗೆ ಉದ್ದಕ್ಕೂ ಒಂದು ತಗಡಿನ ಕೊಳವೆ ಇದೆ. ಅದರ ತೂತುಗಳ ಮೂಲಕ ತಣ್ಣನೆಯ ನೀರು ಹಿಂದಿನ ಸಿಲಿಂಡರುಗಳವರೆಗೂ ಹೋಗಿ ವಾಲ್ವುಗಳ ಸುತ್ತ ಬೀಳಬೇಕು. ತಗಡು ತುಕ್ಕು ತಿಂದು ಕರಗಿದರೆ ನೀರು ಮುಂದೆಯೇ ಸುತ್ತುತ್ತದೆ, ಹಿಂದಿನ ಸಿಲಿಂಡರು ಕಾಯುತ್ತಲೇ ಇರುತ್ತದೆ. ರೇಡಿಯೇಟರ್ ಇಳಿಸಿ, ಪಂಪು ಬಿಚ್ಚಿ, ಕೊಕ್ಕೆ ಹಾಕಿ ಎಳೆದೆವು. ಸುಟ್ಟ ಹಪ್ಪಳದ ಹಾಗೆ ಚೂರು ಚೂರಾಗಿ ಬಂತು. ಬ್ಲಾಕಿನ ಪಕ್ಕದ ಬಿಲ್ಲೆಗಳನ್ನು ತೆಗೆದು ಒಳಗಿದ್ದ ಕೆಂಪು ರಾಡಿಯನ್ನು ಕಂಬಿಯಿಂದ ಕೆರೆದರೆ ಅರ್ಧ ಬಕೆಟ್ ಆಯಿತು. ಅಪ್ಪ ಆ ರಾಡಿಯನ್ನೇ ನೋಡುತ್ತ ಕೂತಿದ್ದರು. 'ಇಪ್ಪತ್ತು ವರ್ಷ ನೀರು ಹೊಯ್ದೆ. ಇದು ಯಾರಿಗೂ ಗೊತ್ತಿರ್ಲಿಲ್ಲ' ಅಂದರು.

ಹೊಸ ಕೊಳವೆ ಅಮೆರಿಕದಲ್ಲಿ ಈಗಲೂ ಮಾಡುತ್ತಾರೆ. ಇದೇ ಕುಟುಂಬದ ಎಂಜಿನ್ನುಗಳು ಅಲ್ಲಿ ಕಾರು ಬಿಟ್ಟ ಮೇಲೂ ಲಾರಿ, ಕಾರ್ಖಾನೆ ಯಂತ್ರಗಳಲ್ಲಿ ಬಹಳ ಕಾಲ ನಡೆದವು, ಹಾಗಾಗಿ ಸಾಮಾನು ಸಿಗುತ್ತದೆ. ಪಕ್ಕದ ಊರಿನ ಮೇಷ್ಟ್ರ ಮಗಳು ಅಲ್ಲಿಂದ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ತಂದುಕೊಟ್ಟಳು.

ಕರೆಂಟಿನ ವಿಷಯ. ಇದು 6 ವೋಲ್ಟಿನ ಕಾರು, ಮೇಲಾಗಿ ಪಾಸಿಟಿವ್ ಅರ್ಥ್. ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಹುಡುಗ 'ಅಣ್ಣ, ಯಾರೋ ತಪ್ಪಾಗಿ ಕೊಟ್ಟಿದಾರೆ' ಅಂತ ಬದಲಾಯಿಸಲು ಹೊರಟಿದ್ದ. ಸೆಲ್ಫು ನಿಧಾನಕ್ಕೆ ತಿರುಗುತ್ತದೆ, 12 ವೋಲ್ಟ್ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ವೋಲ್ಟೇಜು ಅರ್ಧ ಇದ್ದರೆ ಅದೇ ಕೆಲಸಕ್ಕೆ ಕರೆಂಟು ಎರಡು ಪಟ್ಟು ಹರಿಯಬೇಕು. ಈಗಿನ ಕಾರಿನ ತೆಳು ಕೇಬಲ್ ಹಾಕಿದರೆ ಹೇಗೆ ತಿರುಗೀತು? ಹೆಬ್ಬೆರಳು ದಪ್ಪದ ಕೇಬಲ್ ಹಾಕಿ, ಅರ್ಥ್ ಕೊಡುವ ಜಾಗವನ್ನು ಬಿಳಿ ಲೋಹ ಕಾಣುವಷ್ಟು ಉಜ್ಜಿದೆವು. ಅಷ್ಟೇ ಸಾಕಾಯಿತು. ಪೆಟ್ರೋಲಿನ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಎರಡನ್ನೂ ಎಥೆನಾಲ್ ತಡೆಯುವಂಥದ್ದೇ ಹಾಕಿ. ಈಗಿನ ಪೆಟ್ರೋಲಿಗೆ ಹಳೇ ರಬ್ಬರು ಬಾಳುವುದಿಲ್ಲ.

2023ರ ಫೆಬ್ರವರಿಯಲ್ಲಿ ಒಂದು ಸಂಜೆ ಸ್ಟಾರ್ಟ್ ಆಯಿತು. ಹೊಗೆ ಕೊಟ್ಟಿಗೆ ತುಂಬಿ ಹಸುಗಳು ಹಗ್ಗ ಕಿತ್ತುಕೊಂಡವು. ಅಪ್ಪ ಅಳಲಿಲ್ಲ, ಕಿವಿ ಕೊಟ್ಟು ಕೇಳಿ 'ನಾಲ್ಕನೇದು ಸರಿಯಾಗಿ ಹೊಡೀತಿಲ್ಲ' ಅಂದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಸುಮ್ಮನಿರಬೇಕಿತ್ತು. ಆದರೆ ಭಾನುವಾರದ ಪುರವಣಿಗೆ ಅರ್ಧ ಪುಟ ಬೇಕು ಅಂತ ಡೆಸ್ಕಿನಿಂದ ಕೇಳಿದ್ದರು. ಬರೆದೆ. ಫೋಟೊ ಹಾಕಿದೆ. ಹಳೇ ಅಮೆರಿಕನ್ ಕಾರುಗಳಿಗೆ ಈಗ ಲಕ್ಷಗಟ್ಟಲೆ ಬೆಲೆ ಇದೆ ಅನ್ನುವ ಒಂದು ಸಾಲನ್ನೂ ಸೇರಿಸಿದೆ. ಆ ಸಾಲು ಇಲ್ಲದಿದ್ದರೂ ಲೇಖನಕ್ಕೆ ಏನೂ ಕೊರತೆ ಆಗುತ್ತಿರಲಿಲ್ಲ. ಮಂಗಳವಾರ ಬೆಂಗಳೂರಿನಿಂದ ಫೋನ್ ಬಂತು. ತೀರಿಕೊಂಡ ಗೌಡರ ಕಿರಿ ಮಗ. ಚಾರ್ಮಾಡಿಯಲ್ಲಿ ಆ ಕಾರಿನೊಳಗೆ ಇದ್ದ ಇಬ್ಬರು ಮಕ್ಕಳಲ್ಲಿ ಒಬ್ಬರು. ಬಹಳ ಸಭ್ಯವಾಗಿ ಕೇಳಿದರು: 'ಕಾರು ಅಪ್ಪಾಜಿ ಹೆಸರಲ್ಲೇ ಇದೆ ಅಲ್ವಾ?'

ಹೌದು. ಎಂವೈ ನಂಬರಿನ ಆ ಹಳೇ ಆರ್‌ಸಿ ಪುಸ್ತಕದಲ್ಲಿ ಗೌಡರ ಹೆಸರೇ ಇರುವುದು. ಬಗರ್‌ಹುಕುಂ ಅರ್ಜಿ ಹಿಡಿದುಕೊಂಡು ತಾಲ್ಲೂಕು ಕಚೇರಿ ಮುಂದೆ ನಿಂತ ಎಷ್ಟು ಜನರ ಸುದ್ದಿ ಬರೆದಿದ್ದೇನೆ ನಾನು! ಉಳುತ್ತಿರುವುದು ಮೂವತ್ತು ವರ್ಷದಿಂದ, ಕಾಗದ ಒಂದೂ ಇಲ್ಲ ಅಂತ. ನಮ್ಮ ಕೊಟ್ಟಿಗೆಯಲ್ಲೇ ಅದು ನಿಂತಿತ್ತು, ನಾನು ನೋಡಿರಲಿಲ್ಲ. ಅಷ್ಟು ಹೊತ್ತಿಗೆ ಒಂದು ಲಕ್ಷದ ಎಂಬತ್ತು ಸಾವಿರ ಖರ್ಚಾಗಿತ್ತು. ಅದರಲ್ಲಿ ಅರ್ಧ ಸಹಕಾರ ಸಂಘದ ಸಾಲ.

ಕಾಗದ ಸರಿ ಇದ್ದಿದ್ದರೆ ದಾರಿ ಇತ್ತು. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿದೆ. ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ, ಹೊಸದಾಗಿ ನೋಂದಣಿ ಆಗುವ ಗಾಡಿಯ ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುವುದು ಮುಖ್ಯ ಷರತ್ತು. ಪೆಟ್ರೋಲ್ ದುಬಾರಿ ಆದಾಗ ಇಂಥ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡವರು ಬಹಳ ಜನ. ಗೌಡರೂ ಹೊರಟಿದ್ದರಂತೆ, ಅಪ್ಪ ಬೇಡ ಅಂದು ತಡೆದಿದ್ದರು. ಈಗ ಕಾರಿಗೆ ಬೆಲೆ ಇದ್ದರೆ ಅದರಿಂದಲೇ. ಆ ಮಾತನ್ನೂ ಕಿರಿಯ ಗೌಡರಿಗೆ ಫೋನಿನಲ್ಲಿ ಹೇಳಿದೆ. 'ಹೌದಾ' ಅಂದರು.

ಆಮೇಲೆ ಮಾತುಕತೆ ಆಗಿವೆ. ದೊಡ್ಡ ಮಗ, ಮಗಳು ಇಬ್ಬರೂ ಅಪ್ಪನ ಹೆಸರಿಗೆ ಮಾಡಿಕೊಡಲು ಒಪ್ಪಿದ್ದಾರೆ. ಕಿರಿಯವರು ಇನ್ನೂ ಸಹಿ ಹಾಕಿಲ್ಲ. ಇಲ್ಲ ಅಂದೂ ಇಲ್ಲ. ಅಪ್ಪ ಅವರ ಮೇಲೆ ಒಂದು ಮಾತೂ ಆಡುವುದಿಲ್ಲ. ನನ್ನ ಮೇಲೆ ಆಡುತ್ತಾರೆ: 'ಪೇಪರಲ್ಲಿ ಹಾಕು ಅಂತ ನಾನು ಹೇಳಿದ್ನಾ?'

ಹಾವೇರಿಯ ಗೆಳೆಯನಿಗೆ: ಷೆವರ್ಲೆ ಎಂಜಿನ್ ನಮ್ಮದರ ಹಾಗಲ್ಲ, ವಾಲ್ವು ಮೇಲೆ ಹೆಡ್ಡಿನಲ್ಲೇ ಇರುತ್ತವೆ. 1952ಕ್ಕಿಂತ ಹಿಂದಿನದಾದರೆ ಕನೆಕ್ಟಿಂಗ್ ರಾಡಿಗೆ ಎರಕ ಹೊಯ್ದ ಬಿಳಿ ಲೋಹದ ಬೇರಿಂಗ್ ಇರುತ್ತದೆ, ಎಣ್ಣೆ ಎರಚಿಕೊಂಡು ಬರಬೇಕು. ಸ್ಟಾರ್ಟ್ ಆದ ಖುಷಿಗೆ ಆಕ್ಸಲರೇಟರ್ ತುಳಿಯಬೇಡ. ಅದಕ್ಕಿಂತ ಮುಂಚೆ ಮಾವನ ಹತ್ತಿರ ಆರ್‌ಸಿ ಪುಸ್ತಕ ಕೇಳು. ಪುಸ್ತಕ ಸಿಗುವವರೆಗೆ ಸ್ಪ್ಯಾನರ್ ಮುಟ್ಟಬೇಡ, ಫೇಸ್‌ಬುಕ್ಕಿಗೆ ಫೋಟೊನೂ ಹಾಕಬೇಡ.

ನಮ್ಮದು ಸದ್ಯಕ್ಕೆ ಕೊಟ್ಟಿಗೆಯಿಂದ ಗೇಟಿನವರೆಗೆ ಹೋಗಿ ಹಿಂದಕ್ಕೆ ಬರುತ್ತದೆ. ನಮ್ಮದೇ ಅಂಗಳ, ಸುಮಾರು ಎಂಬತ್ತು ಮೀಟರು. ಪ್ರತಿ ಭಾನುವಾರ ಅಪ್ಪ ಬಿಳಿ ಶರ್ಟು ಹಾಕಿಕೊಂಡು ಓಡಿಸುತ್ತಾರೆ. ಗೇಟಿನ ಹತ್ತಿರ ಬ್ರೇಕ್ ಹಾಕಿ, ಇಳಿದು, ನಾಲ್ಕೂ ಚಕ್ರದ ಹಿಂದೆ ಬಗ್ಗಿ ನೋಡುತ್ತಾರೆ, ಎಣ್ಣೆ ಸೋರಿದೆಯಾ ಅಂತ. ಡಿಸೆಂಬರ್ ರಜೆಗೆ ಕಿರಿಯ ಗೌಡರು ತೋಟಕ್ಕೆ ಬರುತ್ತಾರಂತೆ, ಕಾರು ನೋಡಬೇಕು ಅಂದಿದ್ದಾರೆ. ಮಗನನ್ನೂ ಕರೆತರುತ್ತಾರಂತೆ. ಅದನ್ನು ಹೇಳಿದಾಗ ಅಪ್ಪ ಬ್ರೇಕ್ ಆಯಿಲ್ ಮಟ್ಟ ನೋಡುತ್ತಿದ್ದರು, ತಲೆ ಎತ್ತಲಿಲ್ಲ.

'ತಗೊಂಡು ಹೋಗ್ತೀನಿ ಅಂದ್ರೆ ಎಡಗಡೆ ಬೋಲ್ಟಿನ ವಿಷ್ಯ ಹೇಳ್ಬೇಕು ಅವ್ರಿಗೆ. ನೆನಪಿಸು' ಅಂದರು.