ಕಡಲೆಗೆ ಬಿಟ್ಟ ನೀರು

ನಮ್ಮ ಮನ್ನಾಏಖೇಳ್ಳಿ ಸೀಮೆಯ ಥಂಡಿ ಗಿಡ ಕೊಲ್ಲುವಂಥದ್ದಲ್ಲ. ಡಿಸೆಂಬರಿನಲ್ಲಿ ಮುಂಜಾನೆ 10 ಡಿಗ್ರಿ ಆಸುಪಾಸಿಗೆ ಇಳಿದರೂ ಮಧ್ಯಾಹ್ನ 28ರವರೆಗೆ ಏರುತ್ತದೆ. ಮೆಂತ್ಯೆ, ಕೊತ್ತಂಬರಿ, ಬದನೆ ಹುಲುಸಾಗಿ ಬರುವ ಕಾಲವೇ ಇದು. ನೌಕರಿ ಮುಗಿಸಿ ಊರಿಗೆ ಬಂದ ವರ್ಷ, ಬೋರಿನಲ್ಲಿ ನೀರಿದ್ದರೆ ಏನು ಬೇಕಾದರೂ ಬೆಳೆದೀತು ಎಂದುಕೊಂಡುಬಿಟ್ಟೆ.

ಹಿತ್ತಲಿಗೆ ಹತ್ತಿದ ಎರೆಹೊಲದ ತುಣುಕಿನಲ್ಲಿ ಅಕ್ಟೋಬರಿನಲ್ಲಿ ಕಡಲೆ ಹಾಕಿದ್ದೆ. ತಿಂಗಳಾದ ಮೇಲೆ ಕುಡಿ ಚಿವುಟಿದರೆ ಕವಲೊಡೆಯುತ್ತದೆ ಎಂಬಷ್ಟು ಗೊತ್ತಿತ್ತು. ಚಿವುಟಿದೆ, ಮನೆಯಲ್ಲಿ ಪಲ್ಯವೂ ಆಯಿತು. ಹೂವು ಕಾಣುವ ಹೊತ್ತಿಗೆ ನೆಲ ಬಿರಿಯಿತು. ಬಿರುಕಿನಲ್ಲಿ ನನ್ನ ಬೆರಳು ಪೂರ್ತಿ ಇಳಿಯುತ್ತಿತ್ತು. ಜೀವ ತಡೆಯದೆ ಪೈಪ್ ಎಳೆದು ತಂದು ನೀರು ಬಿಟ್ಟೆ. ಬಾಜೂ ಹೊಲದ ಆಯಿ ಬದುವಿನ ಮೇಲೆ ನಿಂತು, “ತಮ್ಮಾ, ಕಡ್ಲಿಗಿ ಈಗ ನೀರ್ ಯಾಕ ಬಿಡ್ತಿ? ಥಂಡಿ ಸಾಕಲ್ಲ ಅದಕ್ಕ” ಎಂದಳು. ಹೂಂ ಅಂದೆ, ಪೈಪ್ ಮಾತ್ರ ತೆಗೆಯಲಿಲ್ಲ.

ಗಿಡ ಮೊಣಕಾಲೆತ್ತರ ಬೆಳೆದವು. ಬಂದವರನ್ನೆಲ್ಲ ಕರೆದೊಯ್ದು ತೋರಿಸಿದೆ. ಎಳ್ಳಮಾವಾಸ್ಯೆಗೆ ಹುಮನಾಬಾದಿನ ಬೀಗರನ್ನು ಕರೆದು, ಹಬ್ಬದ ಭಜ್ಜಿ ಪಲ್ಯಕ್ಕೆ ಹಸಿ ಕಡಲೆ ನಮ್ಮ ಹೊಲದ್ದೇ ಎಂದೂ ಹೇಳಿಕೊಂಡೆ. ಹೊಲಕ್ಕೆ ಚರಗ ಚೆಲ್ಲುವ ಆ ಹಬ್ಬದ ಹಿಂದಿನ ದಿನ ಮನೆಯವಳು ಬುಟ್ಟಿ ಹಿಡಿದು ಹೊಲಕ್ಕಿಳಿದಳು. ಎಲ್ಲಿ ನೋಡಿದರೂ ಸೊಪ್ಪೇ. ಅಲ್ಲೊಂದು ಇಲ್ಲೊಂದು ಸಿಕ್ಕ ಕಾಯಿ ಒತ್ತಿದರೆ ಟಪ್ಪೆಂದು ಒಡೆಯಿತು, ಒಳಗೆ ಕಾಳಿಲ್ಲ. ಬುಟ್ಟಿಯ ತಳವೂ ಮುಚ್ಚಲಿಲ್ಲ. ಅವಳು ನನ್ನ ಮುಖ ನೋಡಲಿಲ್ಲ. ಬದುವಿನಾಚೆ ಆಯಿಯ ಗಿಡ ಗೇಣಿಗಿಂತ ಸ್ವಲ್ಪ ಎತ್ತರ, ಕಾಯಿ ಗಿಜಿಗಿಜಿ. ಕೇಳುವುದಕ್ಕೆ ನನಗೆ ಬಾಯೇ ಬರಲಿಲ್ಲ. ಆಯಿ ತಾನೇ ಕಂಡು, ಒಂದು ಮಾತೂ ಆಡದೆ, ಉಡಿ ತುಂಬ ಹರಿದು ತಂದು ಕೊಟ್ಟಳು. ಮರುದಿನ ಬೀಗರು ಭಜ್ಜಿ ಹೊಗಳುತ್ತಿದ್ದರೆ ನನಗೆ ಸಜ್ಜಿ ರೊಟ್ಟಿ ಗಂಟಲಲ್ಲಿ ಇಳಿಯಲೊಲ್ಲದು.

ಎರೆಮಣ್ಣು ಮೇಲೆ ಬಿರಿದರೂ ಕೆಳಗೆ ಮಳೆಗಾಲದ ಹಸಿ ಹಿಡಿದಿಟ್ಟಿರುತ್ತದೆ. ಕಡಲೆಯ ಬೇರು ಅಲ್ಲಿಗೇ ಇಳಿಯುತ್ತದೆ. ಹಸಿ ಕಡಿಮೆಯಾದಂತೆ ಗಿಡ ಬೆಳೆಯುವುದನ್ನು ಬಿಟ್ಟು ಕಾಯಿ ಕಟ್ಟಲು ಹೊರಳುತ್ತದೆ. ಹೂವಿನಲ್ಲಿ ನೀರು ಹೆಚ್ಚಾದರೆ ಮತ್ತೆ ಸೊಪ್ಪಿಗೇ ತಿರುಗಿ ಹೂವು ಉದುರಿಸುತ್ತದೆ. ಹಸಿ ತೀರಾ ಕಡಿಮೆ ಎನಿಸಿದರೆ ಹೂವಿಗೆ ಮುಂಚೆ ಒಮ್ಮೆ, ಕಾಳು ತುಂಬುವಾಗ ಒಮ್ಮೆ ತೆಳುವಾಗಿ ಕೊಟ್ಟರೆ ಸಾಕು. ಇದನ್ನೆಲ್ಲ ಆಮೇಲೆ ಓದಿ ತಿಳಿದುಕೊಂಡೆ. ಆದರೆ ಓದುವ ಮೊದಲೇ, ತಿಳಿದವಳೊಬ್ಬಳು ಬದುವಿನ ಮೇಲೆ ನಿಂತು ಹೇಳಿದ್ದಳಲ್ಲ, ಅದು ಇನ್ನೂ ಚುಚ್ಚುತ್ತದೆ. ನನ್ನ ಅಕ್ಕರೆಯೇ ನನ್ನ ಕಿವಿ ಮುಚ್ಚಿತ್ತು.

ಪೈಪ್ ಈಗ ಮೆಂತ್ಯೆ, ಬದನೆ ಮಡಿಗೆ ಮಾತ್ರ, ಅದೂ ಬಿಸಿಲೇರಿದ ಮೇಲೆ. ಕಡಲೆಯ ಮೇಲೆ ರಾತ್ರಿ ತೆಳು ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಬಟ್ಟೆಗೆ ಹತ್ತಿದ ಗಿಡದ ಹುಳಿಯನ್ನು ಮುಂಜಾನೆ ಹಿಂಡಿಕೊಳ್ಳುವುದನ್ನು ಆಯಿಯಿಂದ ಕಲಿತಿದ್ದೇನೆ. ಬಟ್ಟೆ ಎಷ್ಟು ತೆಳುವಿರಬೇಕು ಎಂಬುದನ್ನೂ ಅವಳನ್ನೇ ಕೇಳಿದೆ.